ಆಯುಧಸಂಗ್ರಹ, ರಾಜ್ಯಶಾಸನ ಮತ್ತು ವಿವೇಕ

ವಸ್ತುವೊಂದರ ಗುಣದೋಷಗಳನ್ನು ಅದು ಇರುವ ಸ್ಥಳವು ನಿರ್ಣಯಿಸಬಲ್ಲುದೇ ಎಂಬುದು ನೀತಿಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ವಿಷವು ಎಲ್ಲಿದ್ದರೂ ವಿಷವೇ ಎಂಬುದು ಒಂದು ಪಕ್ಷ; ವೈದ್ಯನ ಭರಣಿಯಲ್ಲಿರುವ ವಿಷಕ್ಕೂ ದಾರಿಯಲ್ಲಿ ಚೆಲ್ಲಿದ ವಿಷಕ್ಕೂ ಒಂದೇ ನಿಯಮ ಸಲ್ಲದೆಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷಗಳ ನಡುವಣ ತಿಕ್ಕಾಟವು ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಬಂದೂಕು ಕಾಯ್ದೆಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಅಲ್ಲಿ ಒಕ್ಕೂಟ ಸರ್ಕಾರದ ಕಾಯ್ದೆ ಒಂದು. ಅದರ ಮೇಲೆ 50 ರಾಜ್ಯಗಳು ತಮ್ಮ ತಮ್ಮ ಇಚ್ಛೆಯಂತೆ ರಚಿಸಿಕೊಂಡಿರುವ ಕಾಯ್ದೆಗಳು ಹಲವು. ಒಂದು ರಾಜ್ಯದಲ್ಲಿ ನಿರಾತಂಕವಾಗಿ ಕೊಳ್ಳಬಹುದಾದ ಆಯುಧವನ್ನು ನೆರೆಯ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಕೈಯಲ್ಲಿ ಹಿಡಿದರೂ ಅಪರಾಧವಾಗಬಹುದು. ಈ ಭೇದದ ಭಾರವನ್ನು ವಿಶೇಷವಾಗಿ ಹೊರುವವರು ಹಳೆಯ ಬಂದೂಕುಗಳ ಸಂಗ್ರಾಹಕರು. ಅವರ ಸ್ಥಿತಿಯನ್ನು ವಿಚಾರಿಸಿದರೆ ಕಾನೂನು ಎಲ್ಲಿಯವರೆಗೆ ಮನುಷ್ಯನ ಹೊಣೆಯನ್ನು ಹೊರಬಲ್ಲುದು, ಎಲ್ಲಿಂದ ಮುಂದೆ ಅದು ಅವನ ವಿವೇಕದ ಪಾಲಿಗೆ ಬರುತ್ತದೆ ಎಂಬುದು ತಿಳಿಯುತ್ತದೆ.

ಮೊದಲಿಗೆ ಸಂಗ್ರಾಹಕನೆಂದರೆ ಯಾರು ಎಂಬುದನ್ನು ನ್ಯಾಯವಾಗಿ ನೋಡಬೇಕು. ಹಳೆಯ ನಾಣ್ಯ, ಗಡಿಯಾರ, ಹಸ್ತಪ್ರತಿಗಳನ್ನು ಕೂಡಿಸುವವನಂತೆ ಈತನೂ ಇತಿಹಾಸದ ಆಸಕ್ತನಾಗಿರುವುದುಂಟು. ಬಂದೂಕಿನ ಮೇಲಿನ ಕಾರ್ಖಾನೆಯ ಮುದ್ರೆ, ತಯಾರಾದ ವರ್ಷ, ಮರದ ಹಿಡಿಯ ಕೆತ್ತನೆ, ಯಾವ ಸೈನ್ಯದ ಕೈಯಿಂದ ಯಾವ ದೇಶಕ್ಕೆ ಅದು ಸಾಗಿತೆಂಬ ವೃತ್ತಾಂತ - ಇವೇ ಅವನಿಗೆ ಮುಖ್ಯ. ಬಂಗಾಳದ ಇಚ್ಛಾಪುರ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಭಾರತೀಯ ಸೇನೆಗಾಗಿ ತಯಾರಾದ ರೈಫಲ್‌ಗಳು ಕೂಡ ಸೇನೆಯ ಸೇವೆ ಮುಗಿಸಿ ಇಂತಹ ಸಂಗ್ರಾಹಕರ ಗೋಡೆಗಳನ್ನು ಸೇರಿವೆ. ಇವರಲ್ಲಿ ಅನೇಕರು ತಾವು ಕೂಡಿಸಿದ್ದನ್ನು ಎಂದೂ ಹಾರಿಸದವರು. ಇಂತಹವರನ್ನು ಹಿಂಸಾಪ್ರಿಯರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನೇಕಾಂತದೃಷ್ಟಿಗೆ ಸಮ್ಮತವಾದುದಲ್ಲ.

ಅಲ್ಲಿನ ಒಕ್ಕೂಟ ಕಾಯ್ದೆಯೂ ಈ ವ್ಯತ್ಯಾಸವನ್ನು ಗುರುತಿಸಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದುದು ‘ಪುರಾತನ’ ವಸ್ತು. ಆ ಕಾಯ್ದೆಯ ಅರ್ಥದಲ್ಲಿ ಅದು ಬಂದೂಕೇ ಅಲ್ಲ. ಅದಕ್ಕಿಂತ ಈಚಿನದಾದರೂ ತಯಾರಾಗಿ 50 ವರ್ಷ ಸಂದ, ಮೂಲಸ್ವರೂಪ ಕೆಡದ ಬಂದೂಕನ್ನು ‘ಕ್ಯೂರಿಯೋ’ ಅಥವಾ ‘ರೆಲಿಕ್’, ಅಂದರೆ ಕೌತುಕವಸ್ತು ಅಥವಾ ಅವಶೇಷ, ಎಂದು ಕರೆಯಲಾಗಿದೆ. ಇಂತಹವುಗಳ ಸಂಗ್ರಾಹಕನು 30 ಡಾಲರ್ ಶುಲ್ಕ ಕೊಟ್ಟು ಮೂರು ವರ್ಷಗಳ ಪರವಾನಗಿಯನ್ನು ಪಡೆಯಬಹುದು. ಸಾಮಾನ್ಯ ನಾಗರಿಕನು ಪರರಾಜ್ಯದಿಂದ ಬಂದೂಕನ್ನು ನೇರವಾಗಿ ತರಿಸಿಕೊಳ್ಳುವಂತಿಲ್ಲ. ಪಿಸ್ತೂಲು, ರಿವಾಲ್ವರುಗಳನ್ನಂತೂ ಅವನ ರಾಜ್ಯದ ವರ್ತಕನ ಮೂಲಕವೇ ಪಡೆಯಬೇಕು. ಪರವಾನಗಿಯುಳ್ಳ ಸಂಗ್ರಾಹಕನಾದರೋ ಅವಶೇಷವರ್ಗದ ಬಂದೂಕನ್ನು ಬೇರೆ ರಾಜ್ಯದಿಂದ ಮನೆಬಾಗಿಲಿಗೇ ತರಿಸಿಕೊಳ್ಳಬಹುದು. ಪ್ರತಿಯಾಗಿ ಅವನು ಬಂದುದನ್ನೂ ಹೋದುದನ್ನೂ ಪುಸ್ತಕದಲ್ಲಿ ಬರೆದಿಡಬೇಕು; ಅದನ್ನೇ ವ್ಯಾಪಾರ ಮಾಡಿಕೊಳ್ಳಬಾರದು.

ಇಷ್ಟರವರೆಗೆ ನಿಯಮ ಒಂದೇ. ಆದರೆ ಈ ಪರವಾನಗಿಯು ರಾಜ್ಯದ ಕಾಯ್ದೆಯನ್ನು ಮೀರುವ ಅಧಿಕಾರವನ್ನು ಕೊಡುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1911ರ ಸಲಿವನ್ ಕಾಯ್ದೆಯ ಕಾಲದಿಂದ ಕೈಬಂದೂಕನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಇಲಿನಾಯ್ ರಾಜ್ಯದಲ್ಲಿ 1968ರಿಂದ ಬಂದೂಕಿನ ಒಡೆಯನಿಗೆ ಗುರುತಿನ ಚೀಟಿ ಕಡ್ಡಾಯ. ನ್ಯೂಜೆರ್ಸಿಯಲ್ಲಿ ಪ್ರತಿಯೊಂದು ಕೈಬಂದೂಕಿನ ಖರೀದಿಗೂ ಪೊಲೀಸರಿಂದ ಬೇರೆ ಬೇರೆ ಅನುಮತಿಪತ್ರ ಪಡೆಯಬೇಕು. ಕ್ಯಾಲಿಫೋರ್ನಿಯದಲ್ಲಿ ಹಣ ಕೊಟ್ಟ ಮೇಲೂ 10 ದಿನ ಕಾಯಬೇಕು. ಟೆಕ್ಸಾಸ್‌ನಂತಹ ರಾಜ್ಯಗಳಲ್ಲಾದರೋ ಒಕ್ಕೂಟ ಕಾಯ್ದೆ ಕೇಳುವುದಕ್ಕಿಂತ ಹೆಚ್ಚಿನ ಖರೀದಿಪರವಾನಗಿಯೂ ಇಲ್ಲ, ಕಾಯುವ ಅವಧಿಯೂ ಇಲ್ಲ. ಕಾಯ್ದೆಗಳು ನಿಂತ ನೀರಲ್ಲ ಎಂಬುದಕ್ಕೆ ವರ್ಮಾಂಟ್ ರಾಜ್ಯವೇ ಸಾಕ್ಷಿ: ಬಹುಕಾಲ ಯಾವ ಬಿಗಿಯೂ ಇಲ್ಲದಿದ್ದ ಆ ರಾಜ್ಯ 2018ರಲ್ಲಿ ಖಾಸಗಿ ಮಾರಾಟಕ್ಕೆ ಪೂರ್ವಚರಿತ್ರೆಯ ಪರಿಶೀಲನೆಯನ್ನೂ 2023ರಲ್ಲಿ 72 ಗಂಟೆಗಳ ಕಾಯುವಿಕೆಯನ್ನೂ ವಿಧಿಸಿತು.

ಇದರಿಂದ ಸಂಗ್ರಾಹಕನಿಗೆ ಒದಗುವ ತೊಡಕುಗಳು ಕಲ್ಪಿತವಾದುವಲ್ಲ. ಉದ್ಯೋಗನಿಮಿತ್ತ ಮನೆ ಬದಲಿಸಿದವನು ತನ್ನ ಸಂಗ್ರಹದ ಒಂದೊಂದು ವಸ್ತುವಿಗೂ ಹೊಸ ರಾಜ್ಯದಲ್ಲಿ ಯಾವ ಹೆಸರು, ಯಾವ ಶಿಕ್ಷೆ ಎಂಬುದನ್ನು ಅರಿಯಬೇಕು. ತಂದೆಯಿಂದ ಬಂದ ಆಸ್ತಿಯೂ ಈ ಗೋಜಲಿನಿಂದ ಹೊರತಲ್ಲ. ದಾರಿಹೋಕರ ರಕ್ಷಣೆಗಾಗಿ 1986ರ ಒಕ್ಕೂಟ ಕಾಯ್ದೆಯು, ಗುಂಡು ತುಂಬದೆ, ಕೈಗೆಟುಕದಂತೆ ಇಟ್ಟು ಒಯ್ಯುವವನಿಗೆ ನಡುವಣ ರಾಜ್ಯಗಳನ್ನು ಹಾಯ್ದು ಹೋಗುವ ಹಕ್ಕನ್ನು ಕೊಟ್ಟಿದೆಯಾದರೂ, ಹೊರಟಲ್ಲಿಯೂ ತಲಪುವಲ್ಲಿಯೂ ಅದು ನ್ಯಾಯಸಮ್ಮತವಾಗಿರಬೇಕೆಂಬ ಕಟ್ಟು ಇದ್ದೇ ಇದೆ.

ವಾಷಿಂಗ್ಟನ್ ರಾಜ್ಯದಲ್ಲಿ ನಡೆದ ಸಂಗತಿಯೊಂದು ಇಲ್ಲಿ ಸ್ಮರಣೀಯ. 2014ರಲ್ಲಿ ಅಲ್ಲಿನ ಮತದಾರರು, ಬಂದೂಕು ಕೈ ಬದಲಾಗುವ ಪ್ರತಿಯೊಂದು ಸಂದರ್ಭದಲ್ಲಿಯೂ ಪಡೆಯುವವನ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕೆಂಬ ಕಾಯ್ದೆಯನ್ನು ಅಂಗೀಕರಿಸಿದರು. ಆಗ ಲಿಂಡನ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಎರಡನೆಯ ಮಹಾಯುದ್ಧದ ಪ್ರದರ್ಶನವೊಂದಿದ್ದು, ಅದರ ರೈಫಲ್‌ಗಳು ಸಂಗ್ರಾಹಕರಿಂದ ಎರವಲು ತಂದವಾಗಿದ್ದವು. ಕಾಯ್ದೆ ಜಾರಿಗೆ ಬಂದ ಮೇಲೆ ಅವನ್ನು ಅವುಗಳ ಒಡೆಯರಿಗೇ ಹಿಂದಿರುಗಿಸುವುದೂ ‘ವರ್ಗಾವಣೆ’ ಎನಿಸಬಹುದೆಂಬ ಅಂಜಿಕೆಯಿಂದ ಸಂಸ್ಥೆಯವರು ಅವನ್ನು ಮುಂಚಿತವಾಗಿಯೇ ಹಿಂದಿರುಗಿಸಿಬಿಟ್ಟರು. ಯಾರನ್ನೂ ನೋಯಿಸದ, ಶಿಕ್ಷಣಕ್ಕೆಂದೇ ಇಟ್ಟ ವಸ್ತುಗಳು ಹೀಗೆ ತೆರವಾದವು. ಕೊಲರಾಡೊ ರಾಜ್ಯವಾದರೋ 2013ರಲ್ಲಿ ಇಂತಹುದೇ ಕಾಯ್ದೆಯನ್ನು ರಚಿಸಿದಾಗ ಪುರಾತನ ಮತ್ತು ಅವಶೇಷವರ್ಗದ ಬಂದೂಕುಗಳನ್ನು ಅದರಿಂದ ಹೊರಗಿಟ್ಟಿತ್ತು. ಒಂದೇ ಉದ್ದೇಶದ ಎರಡು ಕಾಯ್ದೆಗಳು ಒಂದೇ ವಸ್ತುವನ್ನು ಹೀಗೆ ಬೇರೆ ಬೇರೆಯಾಗಿ ಕಂಡವು.

ಆದುದರಿಂದ ಸಂಗ್ರಾಹಕನ ದೂರಿನಲ್ಲಿ ಸತ್ಯಾಂಶವಿದೆ. ಕಾನೂನು ನ್ಯಾಯವೆನಿಸಬೇಕಾದರೆ ಸಾಮಾನ್ಯನು ಅದನ್ನು ಅರಿಯಬಲ್ಲವನಾಗಿರಬೇಕು. ಸಮಾನರನ್ನು ಸಮಾನವಾಗಿ ಕಾಣಬೇಕು. ನಿಯಮವನ್ನು ಲೆಕ್ಕಿಸದ ದುಷ್ಟನಿಗೆ ಗಡಿಯೂ ಇಲ್ಲ, ಚೀಟಿಯೂ ಇಲ್ಲ. ಪುಸ್ತಕ ಬರೆಯುವವನೂ ಅರ್ಜಿ ಸಲ್ಲಿಸುವವನೂ ಸತ್ಯವಂತನೇ. ಹೀಗಾಗಿ ಭಾರವೆಲ್ಲವೂ ನಿರ್ದೋಷಿಯ ಮೇಲೆಯೇ ಬೀಳುತ್ತದೆ ಎಂಬ ವಾದವು ಮೇಲ್ನೋಟಕ್ಕೆ ಅಜೇಯವೆಂಬಂತೆ ತೋರುತ್ತದೆ.

ಆದರೆ ರಾಜ್ಯಗಳು ಬಿಗಿಯಾದ ನಿಯಮಗಳನ್ನು ಏಕೆ ಮಾಡಿಕೊಂಡವು ಎಂಬುದನ್ನೂ ಕೇಳಬೇಕು. ವರ್ಜೀನಿಯ ರಾಜ್ಯದಲ್ಲಿ ಸುಲಭವಾಗಿ ಕೊಂಡ ಕೈಬಂದೂಕುಗಳು ಹೆದ್ದಾರಿಯ ಮೂಲಕ ಉತ್ತರಕ್ಕೆ ಸಾಗಿ ನ್ಯೂಯಾರ್ಕಿನ ಅಪರಾಧಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು. ಆ ದಾರಿಗೆ ‘ಕಬ್ಬಿಣದ ಕೊಳವೆಮಾರ್ಗ’ವೆಂಬ ಹೆಸರೇ ಬಿದ್ದಿತು. ಇದರಿಂದ ನಾಚಿದ ವರ್ಜೀನಿಯವು 1993ರಲ್ಲಿ ಒಬ್ಬನು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕೈಬಂದೂಕು ಕೊಳ್ಳಬಾರದೆಂದು ವಿಧಿಸಿತು; 2012ರಲ್ಲಿ ಅದನ್ನು ತೆಗೆದುಹಾಕಿತು; 2020ರಲ್ಲಿ ಮತ್ತೆ ತಂದಿತು. ಆ ಕಾಯ್ದೆಯಲ್ಲಿಯೂ ಪುರಾತನ ಆಯುಧಗಳಿಗೆ ವಿನಾಯಿತಿಯಿದೆ. ಸಂಗ್ರಹಕ್ಕಾಗಿ ಹಲವನ್ನು ಒಟ್ಟಿಗೆ ಕೊಳ್ಳುವವನು ಹೆಚ್ಚಿನ ಪರಿಶೀಲನೆಗೆ ಒಳಪಟ್ಟು ಅನುಮತಿ ಪಡೆಯುವ ದಾರಿಯಿದೆ. ಅಂದರೆ ಒಂದು ರಾಜ್ಯದ ಸಡಿಲಿಕೆಯು ಇನ್ನೊಂದು ರಾಜ್ಯದ ಬೀದಿಯಲ್ಲಿ ಸಾವಾಗಿ ಪರಿಣಮಿಸಬಲ್ಲುದು ಎಂಬ ಅನುಭವದಿಂದ ಈ ನಿಯಮಗಳು ಹುಟ್ಟಿದುವೇ ಹೊರತು ಸಂಗ್ರಾಹಕನನ್ನು ಪೀಡಿಸುವ ಇಚ್ಛೆಯಿಂದಲ್ಲ.

ಹಳೆಯ ಬಂದೂಕು ನಿರಪಾಯವೆಂಬ ನಂಬಿಕೆಯನ್ನೂ ಇತಿಹಾಸವು ಒಪ್ಪುವುದಿಲ್ಲ. 1963ರಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಷಿಕಾಗೊ ನಗರದ ಅಂಗಡಿಯೊಂದರಿಂದ ಸುಳ್ಳು ಹೆಸರಿನಲ್ಲಿ ಅಂಚೆಯ ಮೂಲಕ ಒಂದು ರೈಫಲನ್ನು ಟೆಕ್ಸಾಸಿಗೆ ತರಿಸಿಕೊಂಡ. ಅದು ಇಟಲಿಯ ಸೇನೆಗಾಗಿ 1940ರಲ್ಲಿ ತಯಾರಾಗಿ, ಯುದ್ಧಾನಂತರ ಬೇಡವಾಗಿ ಮಾರಾಟಕ್ಕೆ ಬಂದ ಕಾರ್ಕಾನೊ ರೈಫಲ್. ಗುರಿಗಾಜಿನೊಂದಿಗೆ ಅದರ ಬೆಲೆ 19 ಡಾಲರ್ 95 ಸೆಂಟ್. ಅದೇ ವರ್ಷದ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿಯವರ ಪ್ರಾಣ ಹರಣವಾದುದು ಆ ಆಯುಧದಿಂದಲೇ. ರಾಜ್ಯದಿಂದ ರಾಜ್ಯಕ್ಕೆ ಅಂಚೆಯಲ್ಲಿ ಬಂದೂಕು ಮಾರುವುದನ್ನು 1968ರ ಕಾಯ್ದೆ ನಿಲ್ಲಿಸಿದುದಕ್ಕೆ ಈ ಘಟನೆಯೂ ಒಂದು ಕಾರಣ. ಇಂದು ಅದೇ ಮಾದರಿಯ, ಅದೇ ವರ್ಷದ ರೈಫಲ್ ಅವಶೇಷವರ್ಗಕ್ಕೆ ಸೇರಿದೆ; ಪರವಾನಗಿಯುಳ್ಳವನ ಮನೆಗೆ ಪರರಾಜ್ಯದಿಂದ ನೇರವಾಗಿ ಬರಬಲ್ಲುದು. 50 ವರ್ಷಗಳ ಗೆರೆ ಪ್ರತಿವರ್ಷವೂ ಮುಂದಕ್ಕೆ ಸರಿಯುವುದರಿಂದ ಇಂದಿನ ಆಯುಧಗಳೂ ಒಂದು ದಿನ ಅವಶೇಷಗಳೆನಿಸುತ್ತವೆ. ಕಾನೂನಿನ ಕಣ್ಣಿಗೆ ಬಂದೂಕಿಗೆ ಮುಪ್ಪು ಬರುತ್ತದೆ. ಅದರ ಕೊಲ್ಲುವ ಶಕ್ತಿಗೆ ಬರುವುದಿಲ್ಲ.

ಇಲ್ಲಿ ಜೈನ ಆಚಾರಶಾಸ್ತ್ರದ ಮೂರು ವಿಚಾರಗಳು ದಾರಿ ತೋರಿಸುತ್ತವೆ.

ಮೊದಲನೆಯದು ವಿರುದ್ಧರಾಜ್ಯಾತಿಕ್ರಮ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಇದೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ, ಒಂದು ರಾಜ್ಯದ ಪರಿಸ್ಥಿತಿಯನ್ನು ಲಾಭವಾಗಿಸಿಕೊಂಡು ಕೊಳ್ಳುಕೊಡುಗೆ ನಡೆಸುವುದನ್ನು ಅದು ದೋಷವೆಂದು ಹೇಳುತ್ತದೆ. ಇದನ್ನು ಹಿಂಸೆಯ ಪ್ರಕರಣದಲ್ಲಿಡದೆ ಅಚೌರ್ಯದ ಪ್ರಕರಣದಲ್ಲಿಟ್ಟಿರುವುದು ಗಮನಾರ್ಹ. ತನ್ನ ರಾಜ್ಯ ನಿಷೇಧಿಸಿದುದನ್ನು ನೆರೆರಾಜ್ಯದ ಗೆಳೆಯನ ಹೆಸರಿನಲ್ಲಿ ಕೊಂಡು ತರುವ ಸಂಗ್ರಾಹಕನು ಯಾರಿಗೂ ಗುಂಡು ಹೊಡೆಯದಿರಬಹುದು. ಆದರೆ ತನ್ನ ನೆರೆಹೊರೆಯವರು ಒಟ್ಟಾಗಿ ಕಟ್ಟಿಕೊಂಡ ಭದ್ರತೆಯಿಂದ ಅವನು ಒಂದು ಪಾಲನ್ನು ಅವರಿಗರಿವಿಲ್ಲದೆ ತೆಗೆದುಕೊಂಡಿರುತ್ತಾನೆ. ಅನ್ಯರ ಪರವಾಗಿ ಸುಳ್ಳು ಹೇಳಿ ಬಂದೂಕು ಕೊಳ್ಳುವುದನ್ನು 2022ರಲ್ಲಿ ಒಕ್ಕೂಟ ಶಾಸನವು ಪ್ರತ್ಯೇಕ ಅಪರಾಧವೆಂದು ಸಾರಿತು; ಅತಿಚಾರದ ಪಟ್ಟಿಯಲ್ಲಿ ಈ ದೋಷಕ್ಕೆ ಸ್ಥಾನ ಬಹಳ ಹಿಂದೆಯೇ ಸಿಕ್ಕಿತ್ತು.

ಎರಡನೆಯದು ದಿಗ್ವ್ರತ. ಇಂತಿಷ್ಟು ದೂರದಾಚೆಗೆ ತನ್ನ ವ್ಯವಹಾರವಿಲ್ಲವೆಂದು ಶ್ರಾವಕನು ತಾನೇ ಗಡಿ ಹಾಕಿಕೊಳ್ಳುವ ವ್ರತವಿದು. ರಾಜ್ಯದ ಗಡಿಯನ್ನು ಹಾಕಿದವರು ಬೇರೆಯವರು. ಆದುದರಿಂದ ಅದರಲ್ಲಿ ಕಂಡಿ ಎಲ್ಲಿದೆಯೆಂದು ಮನಸ್ಸು ಹುಡುಕುತ್ತದೆ. ವ್ರತದ ಗಡಿಯನ್ನು ತಾನೇ ಹಾಕಿಕೊಂಡವನು ಕಂಡಿ ಹುಡುಕಿದರೆ ತನ್ನನ್ನೇ ವಂಚಿಸಿಕೊಂಡಂತೆ. 50 ಕಾಯ್ದೆಗಳ ನಡುವೆ ತೊಳಲುವ ಸಂಗ್ರಾಹಕನಿಗೆ ಇದರಿಂದ ಒಂದು ಸರಳೋಪಾಯ ದೊರೆಯುತ್ತದೆ: ತಾನು ಬಲ್ಲ ಕಾಯ್ದೆಗಳಲ್ಲಿ ಅತ್ಯಂತ ಬಿಗಿಯಾದುದನ್ನೇ ತನ್ನ ನಿಯಮವಾಗಿಸಿಕೊಂಡವನಿಗೆ ಸಡಿಲವಾದ ರಾಜ್ಯದಲ್ಲಿ ಪ್ರಲೋಭನೆಯಿಲ್ಲ, ಬಿಗಿಯಾದ ರಾಜ್ಯದಲ್ಲಿ ಅಷ್ಟೊಂದು ಭಯವಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಿಂಸಾದಾನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಇದನ್ನು ಎಣಿಸಲಾಗಿದೆ. ಕೊಡಲಿ, ಖಡ್ಗ, ಬೆಂಕಿ, ವಿಷ, ಸಂಕೋಲೆ ಮೊದಲಾದ ವಧಸಾಧನಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಇಲ್ಲಿ ದೋಷವು ಇಟ್ಟುಕೊಳ್ಳುವುದರಲ್ಲಿಲ್ಲ, ಕೊಡುವುದರಲ್ಲಿದೆ. ಈ ದೃಷ್ಟಿಯಿಂದ ಅಮೆರಿಕದ ಕಾಯ್ದೆಗಳನ್ನು ನೋಡಿದರೆ ಒಂದು ವಿಪರ್ಯಾಸ ಗೋಚರಿಸುತ್ತದೆ. ಅಲ್ಲಿ ಖರೀದಿಗೆ ಕಟ್ಟುಪಾಡುಗಳು ಹೆಚ್ಚು; ವರ್ತಕನಲ್ಲದವನು ಮಾಡುವ ಮಾರಾಟಕ್ಕೆ ಅನೇಕ ರಾಜ್ಯಗಳಲ್ಲಿ ಕಟ್ಟುಪಾಡುಗಳು ಅತ್ಯಲ್ಪ. ಖಾಸಗಿ ವ್ಯಕ್ತಿಯು ತನ್ನದೇ ರಾಜ್ಯದ ಇನ್ನೊಬ್ಬನಿಗೆ ಬಂದೂಕು ಮಾರುವಾಗ ಅವನ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕೆಂದು ಒಕ್ಕೂಟ ಕಾಯ್ದೆ ಹೇಳುವುದಿಲ್ಲ. ಅನರ್ಹನೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಮಾರಬಾರದೆಂದಷ್ಟೇ ಹೇಳುತ್ತದೆ. ಕಾನೂನು ‘ನಿನಗೆ ಏನು ತಿಳಿದಿತ್ತು’ ಎಂದು ಕೇಳುತ್ತದೆ. ಧರ್ಮವು ‘ತಿಳಿಯಲು ನೀನು ಎಷ್ಟು ಎಚ್ಚರ ವಹಿಸಿದೆ’ ಎಂದು ಕೇಳುತ್ತದೆ. ಹಿಂಸೆಯ ಲಕ್ಷಣದಲ್ಲಿ ಪ್ರಮತ್ತಯೋಗವೆಂಬ ಪದವನ್ನು ಸೂತ್ರಕಾರರು ಸೇರಿಸಿರುವುದರ ಸ್ವಾರಸ್ಯವು ಇದೇ. ಅಜಾಗರೂಕತೆಯು ಅಜ್ಞಾನವೆಂಬ ನೆಪವನ್ನು ಧರಿಸಿ ಪಾರಾಗಲಾರದು.

ಇಲ್ಲಿಯೇ ಒಂದು ಆಕ್ಷೇಪ ಬರಬಹುದು. ಆಯುಧವನ್ನು ಇಟ್ಟುಕೊಳ್ಳುವುದೇ ತ್ಯಾಜ್ಯವಲ್ಲವೇ, ಕೊಡುವ ಪ್ರಶ್ನೆ ಏಕೆ ಎಂದು. ಮುನಿಧರ್ಮಕ್ಕೆ ಇದು ಒಪ್ಪುವ ಮಾತು. ಗೃಹಸ್ಥಧರ್ಮವಾದರೋ ಸಂಕಲ್ಪೀಹಿಂಸೆಯನ್ನು ಬಿಡಿಸುತ್ತದೆಯೇ ಹೊರತು ಆಯುಧಸ್ಪರ್ಶವನ್ನೇ ನಿಷೇಧಿಸುವುದಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನೂ ಆಗಿದ್ದನು. ಆದರೂ ಅದೇ ಬಾಹುಬಲಿಯ ಕಥೆಯು ಸಂಗ್ರಾಹಕನಿಗೆ ಇನ್ನೊಂದು ಪಾಠವನ್ನು ಇಟ್ಟಿದೆ. ಅಣ್ಣತಮ್ಮಂದಿರು ಆಯುಧವಿಲ್ಲದೆ ದೃಷ್ಟಿ, ಜಲ, ಮಲ್ಲಯುದ್ಧಗಳಿಂದಲೇ ನಿರ್ಣಯಿಸಿಕೊಳ್ಳಲು ಒಪ್ಪಿದ್ದರು. ಮೂರರಲ್ಲಿಯೂ ಸೋತ ಭರತನು ಆ ಒಪ್ಪಂದವನ್ನು ಮರೆತು ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸಿದನು. ಭರತನು ಕ್ರೂರಿಯಲ್ಲ, ಧರ್ಮಜ್ಞ; ಆದರೆ ಅವಮಾನದ ಆ ಒಂದು ಕ್ಷಣದಲ್ಲಿ ಚಕ್ರವು ಕರೆದರೆ ಬರುವಷ್ಟು ಹತ್ತಿರದಲ್ಲಿತ್ತು. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳೆಂಬುದನ್ನು ನೆನೆದರೆ ಈ ಪಾಠದ ತೂಕ ತಿಳಿಯುತ್ತದೆ. ಗೋಡೆಯ ಮೇಲಿನ ಅವಶೇಷವು ಒಡೆಯನ ಪಾಲಿಗೆ ಇತಿಹಾಸ. ದುಃಖದಲ್ಲಿರುವ ಅವನ ಮಗನ ಪಾಲಿಗೆ ಅದು ಬೇರೆಯೇ ಆಗಿರಬಹುದು.

ಪರಿಗ್ರಹದ ದೃಷ್ಟಿಯಿಂದಲೂ ವಿಚಾರ ಮಾಡಬಹುದು. ಮೂರ್ಛೆಯೇ ಪರಿಗ್ರಹವೆಂದು ಶಾಸ್ತ್ರವು ಹೇಳುತ್ತದೆ. 1986ರ ಮೇ 19ರ ನಂತರ ತಯಾರಾದ ಮೆಷಿನ್‌ಗನ್ನುಗಳನ್ನು ಸಾಮಾನ್ಯ ನಾಗರಿಕರು ಪಡೆಯಬಾರದೆಂದು ಒಕ್ಕೂಟ ಶಾಸನ ವಿಧಿಸಿದ ಮೇಲೆ, ಅದಕ್ಕೆ ಮೊದಲೇ ನೋಂದಣಿಯಾದವುಗಳ ಬೆಲೆ ಹಲವು ಪಟ್ಟು ಏರಿತು. ನಿಷೇಧದಿಂದ ವಿರಳವಾದ ವಸ್ತು ಹೀಗೆ ಬಂಡವಾಳವಾಯಿತು. ಇತಿಹಾಸಪ್ರೀತಿಯಿಂದ ಕೂಡಿಸಿದ್ದು ಯಾವಾಗ ಬೆಲೆಯ ಮೋಹವಾಗುತ್ತದೆ ಎಂಬುದನ್ನು ಯಾವ ರಾಜ್ಯದ ಕಾಯ್ದೆಯೂ ಅಳೆಯಲಾರದು, ಒಡೆಯನೊಬ್ಬನೇ ಅಳೆಯಬಲ್ಲ.

ಭಾರತದಲ್ಲಿ ಈ ಸಮಸ್ಯೆಯ ರೂಪ ಬೇರೆ, ತಿರುಳು ಒಂದೇ. ಇಲ್ಲಿ 1959ರ ಆಯುಧ ಕಾಯ್ದೆಯು ದೇಶಕ್ಕೆಲ್ಲ ಒಂದೇ. ಆದರೂ ವಿನಾಯಿತಿಗಳಿವೆ: ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ನಡೆದುಬಂದಿದ್ದು, 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದೇ 2019ರ ತಿದ್ದುಪಡಿಯಿಂದ ಪರವಾನಗಿದಾರನೊಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದು, ಪಿತ್ರಾರ್ಜಿತವಾದುವೂ ಆ ಮಿತಿಯೊಳಗೇ ಸೇರಿದವು. ಅಜ್ಜನ ಕೋವಿಯನ್ನು ಠಾಣೆಗೋ ವರ್ತಕನಿಗೋ ಒಪ್ಪಿಸಬೇಕಾಗಿ ಬಂದವರಿಗೆ ಅಮೆರಿಕದ ಸಂಗ್ರಾಹಕನ ನೋವು ಅಪರಿಚಿತವಾಗಿರಲಾರದು.

ಇಷ್ಟರಿಂದ ಒಂದು ತೀರ್ಮಾನಕ್ಕೆ ಬರಬಹುದು. ರಾಜ್ಯಗಳು ತಮ್ಮ ಕಾಯ್ದೆಗಳನ್ನು ಸ್ಪಷ್ಟಗೊಳಿಸಿ, ವಸ್ತುಸಂಗ್ರಹಾಲಯಗಳಿಗೂ ಪ್ರಾಮಾಣಿಕ ಸಂಗ್ರಾಹಕರಿಗೂ ನ್ಯಾಯವಾದ ದಾರಿಯನ್ನು ಉಳಿಸಬೇಕೆಂದು ಕೇಳುವುದು ಯುಕ್ತವಾದುದೇ. ಆದರೆ ಸಂಗ್ರಾಹಕನ ಕರ್ತವ್ಯವು ಆ ಸುಧಾರಣೆಗಾಗಿ ಕಾಯಬೇಕಾಗಿಲ್ಲ. ಪುಸ್ತಕ ಬರೆಯಬೇಕೆಂದು ಯಾರೂ ಕೇಳದ ಕಡೆಯೂ ಬರೆದಿಡುವುದು. ಪರಿಶೀಲನೆ ಕಡ್ಡಾಯವಲ್ಲದ ಕಡೆಯೂ ವರ್ತಕನ ಮೂಲಕವೇ ಕೊಡುವುದು. ಮನೆಯಲ್ಲಿ ಮದ್ದುಗುಂಡನ್ನು ಬೇರೆ ಮಾಡಿ ಬೀಗದೊಳಗಿಡುವುದು. ತನ್ನ ಕಾಲಾನಂತರ ಯಾವ ವಸ್ತು ಯಾರಿಗೆ, ಯಾವ ಸಂಗ್ರಹಾಲಯಕ್ಕೆ ಎಂಬುದನ್ನು ಬದುಕಿರುವಾಗಲೇ ಗೊತ್ತುಮಾಡುವುದು - ಇವಕ್ಕೆ ಯಾವ ರಾಜ್ಯದ ಕಾಯ್ದೆಯೂ ಅಡ್ಡಬರುವುದಿಲ್ಲ. ಬಂದೂಕು ಒಡೆಯನಿಗಿಂತ ದೀರ್ಘಾಯುಷಿ. ಅದು ಯಾರ ಕೈ ಸೇರಬೇಕೆಂಬುದನ್ನು ಗೊತ್ತುಮಾಡದೆ ಕಣ್ಮುಚ್ಚಿದವನು ತನ್ನ ವಾರಸುದಾರರಿಗೆ ಇತಿಹಾಸವನ್ನಲ್ಲ, ಒಂದು ಹೊಣೆಯನ್ನು ಮಾತ್ರ ಬಿಟ್ಟುಹೋಗುತ್ತಾನೆ.